ಪೆನ್ನು ನಿಂತಾಗ

ಲೋಣಾವಳಾ ಪ್ರವಾಸದ ಬಗ್ಗೆ ಬರೆದುಕೊಡ್ತೀನಿ ಅಂತ ಒಪ್ಪಿಕೊಂಡು ಮೂರು ವಾರ ಆಯಿತು. 'ಲೋಣಾವಳಾ ಬಹಳ ಸುಂದರವಾದ ಊರು' ಎಂದು ಬರೆಯುವುದು, ಹೊಡೆದುಹಾಕುವುದು, ಇಷ್ಟೇ. ಹೈಸ್ಕೂಲಿನವರೆಗೆ ಕನ್ನಡದಲ್ಲೇ ಓದಿದವನು ನಾನು. ಕಾಮರ್ಸಿಗೆ ಬಂದು ಡೆಬಿಟ್-ಕ್ರೆಡಿಟ್ ಬರೆದೂ ಬರೆದೂ ಕನ್ನಡವೇ ಕೈಬಿಟ್ಟಿತೇನೋ ಎಂದು ನಿಜವಾಗಿಯೂ ಹೆದರಿದೆ.

ಆಮೇಲೆ ಹೊಳೆಯಿತು. 'ಸುಂದರ' ಅನ್ನೋ ಪದಕ್ಕೆ ವಾಸನೆಯಿಲ್ಲ, ಸದ್ದಿಲ್ಲ. ಅದನ್ನು ಹಿಡಿದು ಮುಂದಿನ ವಾಕ್ಯಕ್ಕೆ ಹೋಗೋದು ಹೇಗೆ? ಹತ್ತಿರದ ಕಾರ್ಲೆ ಗುಹೆಯಲ್ಲಿ ಇಂದ್ರಿಯಗಳಿಗೆ ಸಿಕ್ಕಿದ್ದನ್ನಷ್ಟೇ ಜಮಾಖರ್ಚಿನ ಹಾಗೆ ಬರೆಯುತ್ತ ಹೋದೆ. ಮೂಗಿಗೆ ಒದ್ದೆ ಕಲ್ಲಿನ ವಾಸನೆ. ಅಂಗೈಗೆ ಕಂಬದ ತಂಪು. ಹಲ್ಲಿನ ಸಂದಿಯಲ್ಲಿ ಇನ್ನೂ ಶೇಂಗಾ ಚಿಕ್ಕಿ. ಕಣ್ಣೆತ್ತಿದರೆ ಎರಡು ಸಾವಿರ ವರ್ಷದ ಮರದ ಕಮಾನುಗಳು. ಕೆಮ್ಮಿದರೆ ಕೆಮ್ಮು ತಿರುಗಿ ಬಂತು.

ಕೆಮ್ಮು ಬರೆದದ್ದೇ ತಡ, ಭೂತಪಾಲ ನೆನಪಾದ. ಈ ಶಿಲಾಭವನವನ್ನು ಪೂರೈಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ ಎಂದು ಅಲ್ಲಿನ ಪ್ರಾಕೃತ ಶಾಸನ ಹೇಳುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿಯೇ ಅಂತಾರೆ ವಿದ್ವಾಂಸರು. ಅಂದರೆ ಅವನೂ ಕಾಮರ್ಸಿನವನೇ! ಅವನು ಕೆಮ್ಮಿದಾಗಲೂ ಗುಹೆ ಹೀಗೇ ಉತ್ತರ ಕೊಟ್ಟಿತ್ತೆ?

ಅಲ್ಲಿಂದ ಪೆನ್ನು ಓಡಿತು. ಎಂಟು ಪುಟ ಆಗಿದೆ, ಇನ್ನೂ ಗುಹೆಯಿಂದ ಹೊರಗೆ ಬಂದಿಲ್ಲ. ಸಂಪಾದಕರು ಮುಂದಿನ ಸಂಚಿಕೆಗೆ ಅಂದಿದ್ದಾರೆ.