ಕಾಡಿನ ಕಲ್ಲು

ಅರಣ್ಯೋತ್ಪನ್ನವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಜೇನು, ಸೀಗೆ, ಅಂಟುವಾಳ, ಬೆತ್ತ. 1927ರ ಭಾರತೀಯ ಅರಣ್ಯ ಕಾಯಿದೆಯಲ್ಲಿ ಈ ಪದಕ್ಕೆ ಕೊಟ್ಟಿರುವ ವಿವರಣೆಯನ್ನು ಓದುವಾಗ ನಾನು ಒಂದೆಡೆ ತಡೆದು ನಿಂತೆ. ಎಲೆ, ಹೂ, ಹಣ್ಣು, ಜೇನು, ಮೇಣಗಳ ಜೊತೆಯಲ್ಲಿಯೇ ಮೇಲ್ಮಣ್ಣು, ಬಂಡೆ, ಸುಣ್ಣಕಲ್ಲು, ಜಂಬಿಟ್ಟಿಗೆಗಳೂ ಅಲ್ಲಿ ಸೇರಿವೆ. ಕಾಡಿನಲ್ಲಿ ದೊರೆತರೆ ಕಲ್ಲೂ ಅರಣ್ಯೋತ್ಪನ್ನವೇ. ಅದನ್ನು ತೆಗೆಯುವುದನ್ನೂ ಸಾಗಿಸುವುದನ್ನೂ ನಿಯಂತ್ರಿಸುವ ಅಧಿಕಾರ ಸರ್ಕಾರಕ್ಕೆ ದೊರೆತದ್ದು ಈ ಎಣಿಕೆಯಿಂದ.

ಆದರೆ ಈ ಎಣಿಕೆಯಲ್ಲಿ ಒಂದು ತೊಡಕಿದೆ. ಹೂ ಕೊಯ್ದ ಕೊಂಬೆ ಮರುವರ್ಷ ಹೂ ಬಿಡುತ್ತದೆ. ಅಗೆದ ಬಂಡೆ ಚಿಗುರುವುದಿಲ್ಲ. ಮರಳಿ ಬರುವ ಫಲಕ್ಕೂ ಬಾರದ ಫಲಕ್ಕೂ ಇರುವ ಈ ಭೇದವನ್ನು ಕಾನೂನು ನಿಧಾನವಾಗಿ ಕಲಿಯಿತು.

1980ರ ಅರಣ್ಯ ಸಂರಕ್ಷಣಾ ಕಾಯಿದೆ ಮೊದಲ ದೊಡ್ಡ ಹೆಜ್ಜೆ. ಅರಣ್ಯಭೂಮಿಯನ್ನು ಗಣಿಯಂಥ ಅರಣ್ಯೇತರ ಕಾರ್ಯಕ್ಕೆ ಕೊಡುವ ಮುನ್ನ ರಾಜ್ಯವು ಕೇಂದ್ರದ ಪೂರ್ವಾನುಮತಿ ಪಡೆಯಬೇಕೆಂದು ಅದು ವಿಧಿಸಿತು. ಹಳೆಯ ಗುತ್ತಿಗೆಯ ನವೀಕರಣ ತಮ್ಮ ಹಕ್ಕೆಂದು ಕಲ್ಲುಗಣಿಯವರು ವಾದಿಸಿದರು. 1986ರಲ್ಲಿ, ಗುಜರಾತಿನ ಅಂಬಿಕಾ ಕ್ವಾರಿ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಅದನ್ನು ಒಪ್ಪದೆ ನವೀಕರಣಕ್ಕೂ ಪೂರ್ವಾನುಮತಿ ಬೇಕೆಂದಿತು.

ಹಾಗಾದರೆ ಕಾಡು ಎಂದರೇನು? 1996ರ ಗೋದಾವರ್ಮನ್ ಪ್ರಕರಣದ ಆದೇಶದಲ್ಲಿ ನ್ಯಾಯಾಲಯ ಇದಕ್ಕೆ ನಿಘಂಟಿನ ಅರ್ಥವನ್ನೇ ಹಿಡಿಯಿತು; ಒಡೆತನ ಯಾರದೇ ಇರಲಿ, ಕಾಡು ಕಾಡೇ. ಸಾಹಿತ್ಯಪ್ರಿಯರಾದ ತಮಗೆ ಈ ಮಾತು ರುಚಿಸೀತು. 2023ರ ತಿದ್ದುಪಡಿ ಕಾಯಿದೆಗೆ ಹೊಸ ಹೆಸರಿಟ್ಟು, ಅದರ ವ್ಯಾಪ್ತಿಯನ್ನು ದಾಖಲೆಗಳಲ್ಲಿ ಕಾಡೆಂದು ಬರೆದ ನೆಲಕ್ಕೆ ಬಿಗಿಯಹೊರಟಿತು. 2024ರ ಫೆಬ್ರವರಿಯ ಮಧ್ಯಂತರ ಆದೇಶದಲ್ಲಿ ನ್ಯಾಯಾಲಯ ಸದ್ಯಕ್ಕೆ ನಿಘಂಟಿನ ಅರ್ಥವನ್ನೇ ಅನುಸರಿಸಹೇಳಿತು. ಒಂದು ಶಬ್ದದ ಅರ್ಥ ಹಿಗ್ಗಿದರೆ ಬೆಟ್ಟ ಉಳಿಯುತ್ತದೆ, ಕುಗ್ಗಿದರೆ ಕರಗುತ್ತದೆ.

ಅನುಮತಿ ಎರಡು ಹಂತಗಳಲ್ಲಿ ದೊರೆಯುತ್ತದೆ. ಮೊದಲನೆಯದು ತಾತ್ವಿಕ ಒಪ್ಪಿಗೆ. ಅದರ ಷರತ್ತುಗಳು ನೆರವೇರಿದ ಮೇಲೆ ಅಂತಿಮ ಒಪ್ಪಿಗೆ. ಕಳೆದ ಕಾಡಿಗೆ ಪ್ರತಿಯಾಗಿ ಬೇರೆಡೆ ಗಿಡ ನೆಡಿಸಬೇಕು; ಕಾಡಿನ ಬೆಲೆಯೆಂದು ಹಣ ಕಟ್ಟಬೇಕು.

ಈ ಪರಿಹಾರದ ಮಿತಿಯನ್ನು ತಿಳಿಯಲು ನಾವು ದೂರ ಹೋಗಬೇಕಿಲ್ಲ. ಭದ್ರೆಯ ಜಲಾನಯನದ ಕುದುರೆಮುಖದಲ್ಲಿ ಕಬ್ಬಿಣದ ಅದಿರಿನ ಮೂವತ್ತು ವರ್ಷಗಳ ಗುತ್ತಿಗೆ 1999ರಲ್ಲಿ ತೀರಿತು. ಜನರ ಹೋರಾಟದ ಬಳಿಕ, 2002ರ ತೀರ್ಪಿನಂತೆ, 2005ರ ಕೊನೆಗೆ ಗಣಿ ನಿಂತಿತು. ಸಾವಿರಾರು ಕಾರ್ಮಿಕ ಕುಟುಂಬಗಳು ಆ ಅದಿರನ್ನೇ ನಂಬಿದ್ದವು. ಅವರ ನೋವು ಸಣ್ಣದಲ್ಲ. ಆದರೆ ಶೋಲೆಯನ್ನೂ ಅದನ್ನು ಸುತ್ತಿದ ಹುಲ್ಲುಗಾವಲನ್ನೂ ಬೇರೆಡೆ ನೆಟ್ಟು ಬೆಳೆಸಲಾಗದು. ಆದ್ದರಿಂದ ಅಗೆದ ಮೇಲಿನ ದಂಡಕ್ಕಿಂತ ಅಗೆಯುವ ಮುನ್ನ ಕೇಳುವ ಪ್ರಶ್ನೆಯೇ ಈ ನಿಯಮಗಳ ಜೀವವೆಂದು ನಾನು ಭಾವಿಸುತ್ತೇನೆ. ಲಕ್ಯಾ ಅಣೆಕಟ್ಟಿನ ಹಿಂದೆ, ಅದಿರು ತೊಳೆದ ಹೂಳು ಇಂದಿಗೂ ನಿಂತಿದೆ.