ಚಿಂತೆ ಕಾಯಿಲೆಯಾದಾಗ



ಕಟಾವಿನ ಚೀಟಿ ಎಂದು ಬಂದೀತು, ತಂಡ ಹೊಲಕ್ಕಿಳಿಯುವುದರೊಳಗೆ ಕಬ್ಬು ಒಣಗಿ ತೂಕ ಇಳಿದೀತೆ, ಬಿಲ್ಲಿನ ಹಣ ಸೊಸೈಟಿಯ ಸಾಲಕ್ಕೆ ಸಾಕಾದೀತೆ ಎಂಬ ಚಿಂತೆಗಳಿಲ್ಲದ ಬೆಳೆಗಾರನಿಲ್ಲ. ಗೋವೆಯ ಏಕೈಕ ಸಕ್ಕರೆ ಕಾರ್ಖಾನೆಯಾದ ಧಾರಬಾಂದೋಡಾದ ಸಂಜೀವನಿ ಸಹಕಾರಿ ಕಾರ್ಖಾನೆಯು 2019-20ರ ಹಂಗಾಮಿನಲ್ಲಿ ನುರಿಸುವುದನ್ನು ನಿಲ್ಲಿಸಿದಾಗ ಅಲ್ಲಿನ ಕಬ್ಬು ಗಡಿ ದಾಟಿ ಕರ್ನಾಟಕಕ್ಕೆ ಸಾಗಬೇಕಾಯಿತು. ಅಂಥ ಹೊತ್ತಿನಲ್ಲಿ ನಿಂತ ಬೆಳೆಯ ಗತಿಯೇನೆಂದು ಚಿಂತಿಸುವುದು ರೋಗವಲ್ಲ, ವಿವೇಕ. ಆದರೆ ಕಬ್ಬು ಕಾಟಾ ದಾಟಿ, ಬಿಲ್ಲೂ ಕೈಸೇರಿದ ಮೇಲೆ ಚಿಂತೆ ಇಳಿಯಬೇಕು. ಇಳಿಯದೆ ಒಂದರಿಂದ ಇನ್ನೊಂದಕ್ಕೆ ಹಾರುತ್ತ, ಆರು ತಿಂಗಳಿಗೂ ಮೀರಿ ಹೆಚ್ಚಿನ ದಿನಗಳಲ್ಲಿ ಕಾಡಿದರೆ, ದಿನದ ಕೆಲಸವನ್ನು ಕೆಡಿಸಿದರೆ, ಅದನ್ನು ವೈದ್ಯರು ಆತಂಕದ ಕಾಯಿಲೆ ಎನ್ನುತ್ತಾರೆ.

ದೇಹದಲ್ಲಿ ಕಾಣುವ ಲಕ್ಷಣಗಳು

ಅಪಾಯ ಎದುರಾದಾಗ ದೇಹವು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಎದೆ ಜೋರಾಗಿ ಬಡಿಯುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಉಸಿರು ವೇಗವಾಗುತ್ತದೆ. ಹಾವು ಕಂಡಾಗ ಹಿಂದೆ ಜಿಗಿಯಲು ಇದು ಬೇಕು. ಆದರೆ ಮನಸ್ಸು ಸದಾ ಹಾವನ್ನೇ ಕಲ್ಪಿಸುತ್ತಿದ್ದರೆ ದೇಹಕ್ಕೆ ಬಿಡುವೆಲ್ಲಿ? ಆಗ ಕತ್ತು ಭುಜಗಳ ನೋವು, ತಲೆನೋವು, ಕೈ ನಡುಕ, ಬೆವರು, ಬಾಯಿ ಒಣಗುವುದು, ಹೊಟ್ಟೆ ಕೆಡುವುದು, ಪದೇ ಪದೇ ಮೂತ್ರಕ್ಕೆ ಹೋಗುವುದು, ದುಡಿಯದೆಯೂ ದಣಿವು, ಇವು ತೋರುತ್ತವೆ. ಹಾಸಿಗೆಗೆ ಹೋದರೂ ನಿದ್ದೆ ಹತ್ತುವುದಿಲ್ಲ.

ಮನಸ್ಸಿನಲ್ಲಿ ಕಾಣುವ ಲಕ್ಷಣಗಳು

ಕೆಟ್ಟದ್ದೇ ಆಗುವುದೆಂಬ ಎಣಿಕೆ ಬಿಡದು. ಲೆಕ್ಕ ಬರೆಯಲು ಕುಳಿತರೆ ಮನಸ್ಸು ನಿಲ್ಲದು, ಹೇಳಬೇಕೆಂದುಕೊಂಡ ಮಾತು ಮರೆತುಹೋಗುತ್ತದೆ. ಸಣ್ಣ ತೀರ್ಮಾನವೂ ಬೆಟ್ಟವಾಗುತ್ತದೆ. ಮನೆಯವರ ಮೇಲೆ ವಿನಾಕಾರಣ ಸಿಡುಕು ಬರುತ್ತದೆ. ಇದನ್ನು ಸೋಮಾರಿತನವೆಂದಾಗಲಿ ಧೈರ್ಯದ ಕೊರತೆಯೆಂದಾಗಲಿ ತಿಳಿಯಕೂಡದು.

ಅನೇಕರು ವೈದ್ಯರ ಬಳಿ ಎದೆಬಡಿತ, ಹೊಟ್ಟೆನೋವು ಎನ್ನುತ್ತಾರೆಯೇ ಹೊರತು ಚಿಂತೆಯ ಮಾತೆತ್ತುವುದಿಲ್ಲ. ಎರಡನ್ನೂ ಹೇಳಬೇಕು. ಥೈರಾಯ್ಡ್ ದೋಷ, ರಕ್ತಹೀನತೆ, ಹೃದಯದ ತೊಂದರೆಗಳಲ್ಲಿಯೂ ಇವೇ ಲಕ್ಷಣಗಳು ಬರಬಹುದಾದ್ದರಿಂದ ಪರೀಕ್ಷೆ ಅವಶ್ಯ. ಎದೆನೋವು ಹೊಸದಾಗಿ ಬಂದರೆ ಚಿಂತೆಯೆಂದು ಕುಳಿತುಕೊಳ್ಳದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗೋವೆಯಲ್ಲಿ ನಡೆದ ಪ್ರಯೋಗ

ಇದಕ್ಕೆ ದೊಡ್ಡ ಊರಿನ ತಜ್ಞರೇ ಬೇಕೆಂದಿಲ್ಲ. ಗೋವೆಯ ಸಂಗಾತ್ ಸಂಸ್ಥೆಯು 24 ದವಾಖಾನೆಗಳಲ್ಲಿ ನಡೆಸಿದ ಅಧ್ಯಯನವು 2010ರಲ್ಲಿ ಪ್ರಕಟವಾಯಿತು. ಖಿನ್ನತೆ ಮತ್ತು ಆತಂಕ ಇದ್ದವರಿಗೆ ವೈದ್ಯರ ಜೊತೆಗೆ, ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು ರೋಗದ ತಿಳಿವಳಿಕೆ ಕೊಟ್ಟು ಧೈರ್ಯ ಹೇಳಿದರು. ಈ ಸಲಹೆಗಾರರು ವೈದ್ಯರಲ್ಲ. ಆದರೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಆರು ತಿಂಗಳಿಗೆ ನೂರಕ್ಕೆ ಸುಮಾರು 66 ಮಂದಿ ಗುಣ ಹೊಂದಿದರು. ಈ ನೆರವಿಲ್ಲದ ಕೇಂದ್ರಗಳಲ್ಲಿ ಗುಣವಾದವರು ಸುಮಾರು 42 ಮಾತ್ರ. ಖಾಸಗಿ ದವಾಖಾನೆಗಳಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ.

ನೀವು ಮಾಡಬಹುದಾದದ್ದು

1. ಸಂಜೆ ಅರ್ಧ ಗಂಟೆ ಗೊತ್ತುಮಾಡಿ ಚಿಂತೆಗಳನ್ನು ಬರೆಯಿರಿ. ಕೈಯಲ್ಲಿರುವುದು ಒಂದು ಕಡೆ, ಇಲ್ಲದ್ದು ಇನ್ನೊಂದು ಕಡೆ. ಚೀಟಿಯ ದಿನ ವಿಚಾರಿಸುವುದು ನಿಮ್ಮ ಕೈಯಲ್ಲಿದೆ, ಮಳೆ ಇಲ್ಲ. ಉಳಿದ ವೇಳೆಯಲ್ಲಿ ಚಿಂತೆ ಬಂದರೆ ಸಂಜೆಗೆ ಮುಂದೂಡಿ.
2. ಉಸಿರನ್ನು ಒಳಗೆಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ದಿನಕ್ಕೆರಡು ಬಾರಿ ಐದು ನಿಮಿಷ ಅಭ್ಯಾಸ ಮಾಡಿ.
3. ಸಂಜೆಯ ಮೇಲೆ ಚಹಾ, ಕಾಫಿ ಬೇಡ. ಕುಡಿತ ಆ ರಾತ್ರಿಯ ಚಿಂತೆ ಮರೆಸಿ, ಮರುದಿನ ಹೆಚ್ಚಿಸುತ್ತದೆ.
4. ಅಂಗಡಿಯಿಂದ ನಿದ್ದೆಮಾತ್ರೆ ತಂದು ನುಂಗಬೇಡಿ, ಅದು ಚಟವಾಗುತ್ತದೆ. ವೈದ್ಯರು ಕೊಟ್ಟ ಆತಂಕದ ಮಾತ್ರೆಯ ಗುಣ ತಿಳಿಯಲು ಕೆಲವು ವಾರ ಬೇಕು. ಅವರನ್ನು ಕೇಳದೆ ನಿಲ್ಲಿಸಬೇಡಿ.

ಬದುಕೇ ಬೇಡವೆಂಬ ಯೋಚನೆ ಬಂದರೆ ಒಂದು ಗಳಿಗೆಯೂ ಒಬ್ಬರೇ ಇರಬೇಡಿ, ಮನೆಯವರಿಗೆ ತಿಳಿಸಿ. ಮನೆಯವರು ಕೀಟನಾಶಕದ ಡಬ್ಬಿಗಳಿಗೆ ಬೀಗ ಹಾಕಿ ಕೀಲಿಕೈಯನ್ನು ತಮ್ಮಲ್ಲಿಟ್ಟುಕೊಳ್ಳಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ದೂರವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹೆಚ್ಚಿನ ಚಿಕಿತ್ಸೆಗೆ ಗೋವೆಯಲ್ಲಿ ಬಾಂಬೋಳಿಯ ಮಾನಸಿಕ ಆಸ್ಪತ್ರೆಯೂ ನಮ್ಮ ಕಡೆ ಧಾರವಾಡದ ಡಿಮ್ಹಾನ್ಸ್ ಸಂಸ್ಥೆಯೂ ಇವೆ.

ಕಬ್ಬಿನ ಎಲೆ ಕೆಂಪಾದರೆ ದಂಟನ್ನು ಸೀಳಿ ರೋಗ ನೋಡುವವರು ನಾವು. ತಿಂಗಳುಗಟ್ಟಲೆ ನಿದ್ದೆಯಿಲ್ಲದ ನಮ್ಮ ಮೈಯನ್ನೂ ಅಷ್ಟೇ ಕಾಳಜಿಯಿಂದ ತೋರಿಸಿಕೊಳ್ಳೋಣ.