ಹಾಡು ಕೇಳಿದರೆ ಹಳೇ ದೋಸ್ತ ನೆನಪಾಗುವುದೇಕೆ?

ಕೊಡಂಗಲ್: ಬಸ್ಸಿನಲ್ಲೋ ಚಹಾದಂಗಡಿಯಲ್ಲೋ ಹಳೆಯ ಚಿತ್ರಗೀತೆಯೊಂದು ಕೇಳಿಬಂದರೆ ಸಾಕು, ಅರವತ್ತು ದಾಟಿದವರು ಆಡುತ್ತಿದ್ದ ಮಾತು ನಿಲ್ಲಿಸಿ ಕಿವಿಗೊಡುತ್ತಾರೆ. ಹಾಡಿನ ಸಾಲು ಪೂರ್ತಿ ನೆನಪಿರಲಿಕ್ಕಿಲ್ಲ. ಆದರೆ ಆ ಹಾಡನ್ನು ಯಾರ ಮಗ್ಗುಲಲ್ಲಿ ಕೂತು ಕೇಳಿದ್ದು, ಯಾರ ಸೈಕಲ್ ಮೇಲೆ ಸಿನಿಮಾಕ್ಕೆ ಹೋಗಿದ್ದು ಎಂಬುದು ಮಾತ್ರ ನೆನಪಿರುತ್ತದೆ. ಹೋದ ವಾರ ಕೊಟ್ಟ ಸಾಲ ಮರೆತವರಿಗೂ ಐವತ್ತು ವರ್ಷದ ಹಿಂದಿನ ಗೆಳೆಯ ಮರೆಯುವುದಿಲ್ಲ! ಇದಕ್ಕೆ ಕಾರಣವೇನು?

ಹದಿನಾಲ್ಕರ ಆಸುಪಾಸು

ಮನುಷ್ಯನ ನೆನಪುಗಳು ಎಲ್ಲ ವಯಸ್ಸಿಗೂ ಸಮನಾಗಿ ಹಂಚಿಕೆಯಾಗಿರುವುದಿಲ್ಲ. ನಡುವಯಸ್ಸು ದಾಟಿದವರನ್ನು ಕೇಳಿದರೆ, ಸುಮಾರು 10ರಿಂದ 30 ವರ್ಷದ ನಡುವಿನ ಸಂಗತಿಗಳೇ ಹೆಚ್ಚಾಗಿ ಹೊರಬರುತ್ತವೆ. ಹಾಡುಗಳ ಮಟ್ಟಿಗಂತೂ ಈ ವಯಸ್ಸು ಇನ್ನೂ ಕೆಳಗಿಳಿಯುತ್ತದೆ. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18ರಿಂದ 82 ವರ್ಷದ 470 ಜನ ಭಾಗವಹಿಸಿದ್ದರು. 1950ರಿಂದ 2015ರವರೆಗಿನ ನೂರಕ್ಕೂ ಹೆಚ್ಚು ಜನಪ್ರಿಯ ಹಾಡುಗಳ ಬಗ್ಗೆ ಅವರನ್ನು ಕೇಳಲಾಯಿತು. ಹದಿಹರೆಯದಲ್ಲಿ, ಅದರಲ್ಲೂ ಸುಮಾರು 14ರ ವಯಸ್ಸಿನಲ್ಲಿ ಚಾಲ್ತಿಯಲ್ಲಿದ್ದ ಹಾಡುಗಳೇ ಹೆಚ್ಚು ನೆನಪುಗಳನ್ನು ಎಬ್ಬಿಸಿದವು.

ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಪೆಟ್ರ್ ಜನಾಟ ಎಂಬ ವಿಜ್ಞಾನಿ 2009ರಲ್ಲಿ ಇನ್ನೊಂದು ಸಂಗತಿ ತೋರಿಸಿಕೊಟ್ಟರು. ವಿದ್ಯಾರ್ಥಿಗಳಿಗೆ ಅವರ ಬಾಲ್ಯ ಮತ್ತು ಹದಿಹರೆಯದ ಕಾಲದ ಹಾಡುಗಳ ತುಣುಕು ಕೇಳಿಸಿ, ಮಿದುಳಿನ ಚಿತ್ರ ತೆಗೆದರು. ಪರಿಚಿತ ಹಾಡು ಸ್ವಂತ ಬದುಕಿನ ನೆನಪನ್ನು ತಂದಾಗ ಹಣೆಯ ಹಿಂಭಾಗದಲ್ಲಿರುವ ಮಿದುಳಿನ ಭಾಗ ಚುರುಕಾಗುತ್ತಿತ್ತು. ರಾಗ, ನೆನಪು, ಸಂತೋಷ-ದುಃಖ ಈ ಮೂರೂ ಅಲ್ಲಿ ಒಂದಕ್ಕೊಂದು ಗಂಟು ಬಿದ್ದಿರುತ್ತವೆ. ಒಂದನ್ನು ಎಳೆದರೆ ಉಳಿದೆರಡೂ ಬರುತ್ತವೆ.

ಇದರಲ್ಲಿ ಗೆಳೆತನ ಎಲ್ಲಿಂದ ಬಂತು? ಹದಿಹರೆಯದಲ್ಲಿ ಹಾಡನ್ನು ಒಬ್ಬರೇ ಕೇಳುವುದು ಕಡಿಮೆ. ಊರಿಗೊಂದೋ ಎರಡೋ ರೇಡಿಯೋ ಇದ್ದ ಕಾಲದಲ್ಲಂತೂ ಕೇಳುವುದೆಂದರೆ ಕೂಡಿ ಕೇಳುವುದೇ. ಭಜನೆಯಲ್ಲಿ ಒಬ್ಬ ಎತ್ತಿಕೊಟ್ಟ ಸೊಲ್ಲನ್ನು ಹತ್ತು ಜನ ಹಿಡಿಯಬೇಕು. ಮೊಹರಂ ಅಲಾಯಿ ಕುಣಿತದಲ್ಲಿ ಹೆಜ್ಜೆಗೆ ಹೆಜ್ಜೆ ಕೂಡಬೇಕು. ಪಂಚಮಿ ಜೋಕಾಲಿಯಲ್ಲಿ, ಬತುಕಮ್ಮದ ಸುತ್ತಿನಲ್ಲಿ ಗೆಳತಿಯರ ಚಪ್ಪಾಳೆ ಬೇಕು. ಹೀಗೆ ಹಾಡಿನ ಜೊತೆಗೇ ಜನರೂ ಮನಸ್ಸಿನಲ್ಲಿ ಅಚ್ಚಾಗುತ್ತಾರೆ. ಮದುವೆಯಾಗಿ ಗಡಿಯಾಚೆಯ ಊರಿಗೆ ಹೋದ ಹೆಣ್ಣುಮಗಳಿಗೆ ಪಂಚಮಿ ಹಾಡೆಂದರೆ ತವರಿನ ಗೆಳತಿಯರೇ.

ಗಡಿ ಊರಿನವರ ನೆನಪಿಗೆ ಎರಡು ಬಾಗಿಲು

ನಮ್ಮ ಭಾಗದಲ್ಲಿ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. ಹೈದರಾಬಾದ್ ಸಂಸ್ಥಾನದ ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಕೊಡಂಗಲ್ ಮತ್ತು ತಾಂಡೂರು, ಬೀದರ್ ಜಿಲ್ಲೆಯಲ್ಲಿದ್ದ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರಿದವು. 2014ರಿಂದ ಇವು ತೆಲಂಗಾಣದಲ್ಲಿವೆ. ಆಡಳಿತದ ಗೆರೆ ಬದಲಾಯಿತು. ಸೇಡಂ, ಗುರುಮಠಕಲ್, ಚಿಂಚೋಳಿ, ಬೀದರ್ ಕಡೆಯ ನೆಂಟಸ್ತನ, ಸಂತೆ, ದೋಸ್ತಿ ಬದಲಾಗಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಒಂದಿಷ್ಟು ಉರ್ದು. ಹೀಗೆ ಬೆಳೆದವರ ನೆನಪೂ ಭಾಷೆಗೆ ತಕ್ಕಂತೆ ಬೇರೆ ಬೇರೆ ಕೋಣೆಗಳಲ್ಲಿ ಕೂತಿರುತ್ತದೆ.

ಇದು ಬರೀ ಊಹೆಯಲ್ಲ. ಅಮೆರಿಕಕ್ಕೆ ವಲಸೆ ಹೋದ ರಷ್ಯನ್ನರ ಮೇಲೆ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ವಿಯೋರಿಕಾ ಮರಿಯನ್ ಮತ್ತು ಉಲ್ರಿಕ್ ನೈಸರ್ ಇದನ್ನು ನಡೆಸಿದವರು. ರಷ್ಯನ್ ಭಾಷೆಯಲ್ಲಿ ಕೇಳಿದಾಗ ರಷ್ಯನ್ ಆಡುತ್ತಿದ್ದ ಕಾಲದ ನೆನಪುಗಳು, ಇಂಗ್ಲಿಷಿನಲ್ಲಿ ಕೇಳಿದಾಗ ಇಂಗ್ಲಿಷ್ ಕಾಲದ ನೆನಪುಗಳು ಹೆಚ್ಚಾಗಿ ಬಂದವು. ಎಂದರೆ ಯಾವ ಭಾಷೆಯಲ್ಲಿ ಬದುಕಿದ್ದೆವೋ ಆ ಭಾಷೆಯೇ ಆ ಕಾಲದ ಬಾಗಿಲಿಗೆ ಕೀಲಿಕೈ.

ಇದನ್ನು ನಮ್ಮ ಮನೆಗಳಿಗೆ ಅನ್ವಯಿಸಿ ನೋಡಿ. 1956ರಲ್ಲಿ 12 ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಅವರ ಮೊಮ್ಮಕ್ಕಳು ಓದುವುದು ತೆಲುಗು ಇಲ್ಲವೇ ಇಂಗ್ಲಿಷ್. ಅಜ್ಜನ ಜೊತೆ ಬರೀ ತೆಲುಗಿನಲ್ಲಿ ಮಾತಾಡಿದರೆ, ಕನ್ನಡದಲ್ಲಿ ಆಡಿ ಬೆಳೆದ ಅವರ ಹುಡುಗಾಟದ ದಿನಗಳು ಒಳಗೇ ಉಳಿದುಬಿಡಬಹುದು. ಕನ್ನಡ ಅಕ್ಷರ ಬಾರದ ಮೊಮ್ಮಗನೂ ಒಂದು ಕನ್ನಡ ಹಾಡು ಹಚ್ಚಬಲ್ಲ. ಅಕ್ಷರ ಮಾಡದ ಕೆಲಸವನ್ನು ಹಾಡು ಮಾಡುತ್ತದೆ.

ಒಂದೇ ದನಿ, ಎರಡು ಭಾಷೆ

ಗಡಿ ಊರಿನವರಿಗೆ ಒಂದು ಅನುಕೂಲವೂ ಇದೆ. ಎರಡೂ ಕಡೆಯ ಹಾಡುಗಳಲ್ಲಿ ಎಷ್ಟೋ ದನಿಗಳು ಒಂದೇ. ಡಾ. ರಾಜ್‌ಕುಮಾರ್ ಅವರಿಗೆ ವರ್ಷಗಟ್ಟಲೆ ಹಾಡಿದ ಪಿ.ಬಿ. ಶ್ರೀನಿವಾಸ್ ಹುಟ್ಟಿದ್ದು ಕಾಕಿನಾಡದಲ್ಲಿ. ಕನ್ನಡಿಗರು ತಮ್ಮವರೇ ಎಂದುಕೊಂಡ ಎಸ್. ಜಾನಕಿ ಆಗಿನ ಗುಂಟೂರು ಜಿಲ್ಲೆಯವರು, ಎಸ್.ಪಿ. ಬಾಲಸುಬ್ರಹ್ಮಣ್ಯಂ ನೆಲ್ಲೂರಿನ ಕಡೆಯವರು. ಅತ್ತ ರಾಜ್‌ಕುಮಾರ್ 1954ರಲ್ಲಿ ಕನ್ನಡದ ‘ಬೇಡರ ಕಣ್ಣಪ್ಪ’ದಲ್ಲೂ ಅದೇ ಕಥೆಯ ತೆಲುಗು ಚಿತ್ರದಲ್ಲೂ ನಟಿಸಿದ್ದರು. ಆದ್ದರಿಂದ ಇಲ್ಲಿನವರಿಗೆ ಎಸ್ಪಿಬಿ ದನಿ ಕೇಳಿದರೆ ಸೇಡಂನ ಕನ್ನಡ ಗೆಳೆಯನೂ ತಾಂಡೂರಿನ ತೆಲುಗು ಸಹಪಾಠಿಯೂ ಒಟ್ಟಿಗೇ ನೆನಪಾದರೆ ಆಶ್ಚರ್ಯವಿಲ್ಲ.

ಯಾರಿಗೆ ಯಾವ ಹಾಡು?

ಲೆಕ್ಕ ಸುಲಭ. ಹುಟ್ಟಿದ ವರ್ಷಕ್ಕೆ 10 ಕೂಡಿಸಿ, ಆಮೇಲೆ 25 ಕೂಡಿಸಿ. ಆ ಎರಡು ವರ್ಷಗಳ ನಡುವಿನ ಹಾಡುಗಳನ್ನು ಹುಡುಕಿ.

1945ರ ಸುಮಾರಿಗೆ ಹುಟ್ಟಿದವರಿಗೆ 1955ರಿಂದ 1970ರ ಹಾಡುಗಳು. ಘಂಟಸಾಲ, ಪಿ.ಬಿ. ಶ್ರೀನಿವಾಸ್, ಪಿ. ಸುಶೀಲ ಅವರ ಕಾಲ ಅದು. ರೇಡಿಯೋ ಸಿಲೋನಿನ ಹಿಂದಿ ಗೀತೆಗಳೂ ಸೇರುತ್ತವೆ.

1958ರ ಸುಮಾರಿಗೆ ಹುಟ್ಟಿದವರಿಗೆ 1968ರಿಂದ 1983. ಗುಲ್ಬರ್ಗಾ ಆಕಾಶವಾಣಿ 1966ರಲ್ಲಿ ಶುರುವಾಗಿತ್ತು. ‘ಬಂಗಾರದ ಮನುಷ್ಯ’, ‘ನಾಗರಹಾವು’ (1972), ಗೆಳೆತನದ ಹಾಡಿಗೆ ಹೆಸರಾದ ಹಿಂದಿಯ ‘ಶೋಲೆ’ (1975), ತೆಲುಗಿನ ‘ಶಂಕರಾಭರಣಂ’ (1980) ಈ ಸಾಲಿನವು.

1972ರ ಸುಮಾರಿಗೆ ಹುಟ್ಟಿದವರದು ಕ್ಯಾಸೆಟ್ ಕಾಲ. ಹಂಸಲೇಖ ಸಂಗೀತದ ‘ಪ್ರೇಮಲೋಕ’ (1987), ಇಳಯರಾಜ ಸಂಗೀತದ ತೆಲುಗಿನ ‘ಗೀತಾಂಜಲಿ’ (1989) ಸಾಕು.

1990ರ ಸುಮಾರಿನವರಿಗೆ ‘ಮುಂಗಾರು ಮಳೆ’ (2006) ಮತ್ತು ಕಾಲೇಜು ಗೆಳೆತನದ ತೆಲುಗು ಚಿತ್ರ ‘ಹ್ಯಾಪಿ ಡೇಸ್’ (2007).

ಮರೆವಿನ ಕಾಯಿಲೆ ಇದ್ದವರಿಗೆ

ಅಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಮಕ್ಕಳ ಹೆಸರೇ ತಪ್ಪಿಹೋಗಬಹುದು. ಅಂಥವರೂ ಹಳೆಯ ಭಜನೆಗೆ ತಾಳ ಹಾಕುವುದುಂಟು. ಬಹುಕಾಲದಿಂದ ಬಲ್ಲ ಸಂಗೀತವನ್ನು ಕಾಪಿಡುವ ಮಿದುಳಿನ ಭಾಗ ಈ ಕಾಯಿಲೆಯಲ್ಲಿ ಉಳಿದ ಭಾಗಗಳಿಗಿಂತ ಕಡಿಮೆ ಹಾಳಾಗುತ್ತದೆ ಎಂದು ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2015ರಲ್ಲಿ ತಿಳಿಸಿದ್ದಾರೆ. ಹಾಡು ಔಷಧಿಯಲ್ಲ, ಕಾಯಿಲೆ ವಾಸಿಯಾಗುವುದಿಲ್ಲ, ವೈದ್ಯರ ಚಿಕಿತ್ಸೆ ಬಿಡಬಾರದು. ಆದರೆ ಹತ್ತು ನಿಮಿಷ ಸಮಾಧಾನ, ಮಾತಿಗೊಂದು ಎಳೆ ಸಿಕ್ಕಬಹುದು. ದನಿ ಸಣ್ಣಗಿರಲಿ. ಹಾಡು ಕೇಳಿ ಅಳು ಬಂದರೆ, ಬೇಸರವಾದರೆ ನಿಲ್ಲಿಸಬೇಕು. ತೀರಿಹೋದ ಗೆಳೆಯನ ನೆನಪೂ ಹಾಡಿನ ಜೊತೆಗೇ ಬರುತ್ತದಲ್ಲವೇ?

ಸಿನಿಮಾ ಹಾಡು ಎಲ್ಲಿಯಾದರೂ ಸಿಕ್ಕೀತು. ಊರಿನ ಭಜನೆ, ಮೊಹರಂ ಪದ, ಬೀಸುವ ಪದ ಹಾಡುವವರ ಬಾಯಲ್ಲಿ ಮಾತ್ರ ಇವೆ. ಜಹೀರಾಬಾದ್ ಬಳಿಯ ಮಾಚನೂರಿನಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಮಹಿಳೆಯರು 2008ರಲ್ಲಿ ಆರಂಭಿಸಿದ ಸಂಘಂ ರೇಡಿಯೋ ದಾರಿ ತೋರಿಸಿದೆ. ಹಳ್ಳಿಯ ಬಡ ದಲಿತ ಹೆಣ್ಣುಮಕ್ಕಳೇ ತಮ್ಮ ಊರಿನವರ ಹಾಡುಗಳನ್ನು ಧ್ವನಿಮುದ್ರಿಸಿ ಪ್ರಸಾರ ಮಾಡಿದರು. ಈಗ ಅಷ್ಟು ದೊಡ್ಡ ಏರ್ಪಾಡೂ ಬೇಕಿಲ್ಲ, ಕೈಯಲ್ಲಿರುವ ಮೊಬೈಲ್ ಸಾಕು. ಅಜ್ಜ-ಅಜ್ಜಿ ಹಾಡಿದ್ದನ್ನು ಕನ್ನಡವಿರಲಿ ತೆಲುಗಿರಲಿ ಹಾಗೇ ಮುದ್ರಿಸಿಕೊಳ್ಳಿ. ಹಾಡು ಮುಗಿದ ಮೇಲೆ ‘ಇದನ್ನ ಯಾರ ಜೊತಿ ಹಾಡ್ತಿದ್ರಿ?’ ಎಂದು ಕೇಳಿ. ಆಗ ಬರುವ ಹೆಸರುಗಳನ್ನೂ ಮುದ್ರಿಸಿಕೊಳ್ಳುವುದು ಮರೆಯಬೇಡಿ.